ಪಿಡಿಎಫ್ ರಾಶಿಗಿ ಚೀಟಿ ಯಾರು ಹಚ್ಚಬೇಕು?

ಹೋದ ಸಂಚಿಕೆದಾಗ ಡಿಜಿಟಲ್ ಲೈಬ್ರರಿ ಬಗ್ಗೆ ಏನರೆ ಕೇಳೋದಿದ್ರ ಕೇಳ್ರಿ ಅಂತ ಎರಡು ಸಾಲು ಹಾಕಿದ್ವಿ. ನಾಕೈದು ಪತ್ರ ಬರಬಹುದು ಅನ್ಕೊಂಡಿದ್ದೆ, ಸಂಪಾದಕರು ಒಂದು ಕೈಚೀಲ ತುಂಬಾ ತಂದು ಟೇಬಲ್ ಮ್ಯಾಲ ಸುರುವಿ ಹೋದ್ರು, ಅದರಾಗ ಅರ್ಧ ವಾಟ್ಸಾಪ್ ಪ್ರಿಂಟ್‌ಔಟ್. ಎಲ್ಲಾ ಓದಿದ್ಮ್ಯಾಲ ತಿಳಿದದ್ದು ಇಷ್ಟು: ಸ್ಕ್ಯಾನ್ ಮಾಡೋದು ನಮ್ಮ ಕಡಿ ಮಂದಿಗಿ ಬಂದುಬಿಟ್ಟದ, ಮಾಡಿದ್ದನ್ನ ವಾಪಸ್ ಹುಡುಕಿ ತಗಿಯೋದು ಇನ್ನಾ ಬಂದಿಲ್ಲ. ಒಂದೇ ಥರದ ಪ್ರಶ್ನೆ ಕೂಡಿಸಿ ಒಂದು ಮಾಡೀನಿ, ನಿಮ್ಮದು ಕಾಣ್ಲಿಲ್ಲಂದ್ರ ಸಿಟ್ಟಾಗಬ್ಯಾಡ್ರಿ.

ಪ್ರಶ್ನೆ: ನಾನು ರಿಟೈರ್ ಆದ ಮಾಸ್ತರ. ನಲವತ್ತು ವರ್ಷದಿಂದ ಕೂಡಿಟ್ಟ ಹಳೆ ಪುಸ್ತಕ, ತಾಲೂಕು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ಜಾತ್ರಿ ಕರಪತ್ರ, ಭಜನಿ ಪದದ ವಹಿ ಎಲ್ಲಾ ಸೇರಿ 600ರ ಮ್ಯಾಲ ಅವ. ಮೊಮ್ಮಗಳು ಮೊಬೈಲ್‌ನಾಗ 180 ಸ್ಕ್ಯಾನ್ ಮಾಡಿ ಗ್ರೂಪಿಗಿ ಹಾಕ್ಯಾಳ. ಈಗ ಯಾರರೆ ಇಂಥಾದ್ದು ಕೊಡ್ರಿ ಅಂದ್ರ ನಮಗೇ ಸಿಗವಲ್ದು. ಇದಕ್ಕ ಯಾವ ಸಾಫ್ಟ್‌ವೇರ್ ಹಾಕಬೇಕು? (ಸೇಡಂ)

ಉತ್ತರ: ಸರ್, ಸಾಫ್ಟ್‌ವೇರ್ ಮಾತು ಆಮ್ಯಾಲ. ಮೊದಲ ಒಂದು ಹೇಳ್ರಿ, ತೊಗರಿ ರಾಶಿ ಆದ್ಮ್ಯಾಲ ನೀವು ಚೀಲ ತುಂಬಿ, ಹೊಲ್ದು, ಮ್ಯಾಲ ಗುರುತು ಹಾಕದೇ ಗೋದಾಮಿಗಿ ಒಗದು ಬರ್ತೀರೇನು? ನಿಮ್ಮ ಮೊಮ್ಮಗಳು ರಾಶಿ ಚಲೋ ಮಾಡ್ಯಾಳ, ಚೀಲಕ್ಕ ಚೀಟಿ ಹಚ್ಚಿಲ್ಲ ಅಷ್ಟೇ. ನೀವು ಕಳಿಸಿದ ಫೋಟೋದಾಗ ಫೈಲಿನ ಹೆಸರು ನೋಡ್ದೆ, ಸ್ಕ್ಯಾನ್ 0047, ಸ್ಕ್ಯಾನ್ 0047 ಕಾಪಿ, ನ್ಯೂ ಡಾಕ್ಯುಮೆಂಟ್ 12, ಇದರಾಗ ಸಮ್ಮೇಳನ ಯಾವುದು ಜಾತ್ರಿ ಯಾವುದು ಅಂತ ದೇವರಿಗೂ ಗೊತ್ತಾಗಂಗಿಲ್ಲ.

ಈ ಚೀಟಿಗೇ ನಮ್ಮ ಮಂದಿ ಮೆಟಾಡೇಟಾ ಅಂತಾರ. ಅದಕ್ಕ ಒಂದು ಸರಳ ನಮೂನಿ ಅದ, ಡಬ್ಲಿನ್ ಕೋರ್ ಅಂತ. ಡಬ್ಲಿನ್ ಅಂದಕೂಡ್ಲೇ ಐರ್ಲೆಂಡ್ ಅನ್ಕೋಬ್ಯಾಡ್ರಿ, ಅಮೆರಿಕದ ಓಹಾಯೊದಾಗೂ ಒಂದು ಡಬ್ಲಿನ್ ಅದ, 1995ರಾಗ ಅಲ್ಲಿ ಲೈಬ್ರರಿಯವರು ಕಂಪ್ಯೂಟರಿನವರು ಕೂಡಿ ಕುಂತು, ಇಂಟರ್ನೆಟ್‌ನಾಗ ಇರೋ ಯಾವುದೇ ವಸ್ತುವಿಗಿ ಕಮ್ಮಿ ಅಂದ್ರ ಏನೇನು ಬರದಿಡಬೇಕು ಅಂತ ಮಾತಾಡಿದ್ರು, ಅದರಿಂದ ಬಂದದ್ದು ಇದು. ಒಟ್ಟು 15 ಖಾನೆ. ನಿಮಗ 15 ಬ್ಯಾಡ. ಒಂದು ಎಕ್ಸೆಲ್ ಹಾಳಿ ತಗೀರಿ, ಶೀರ್ಷಿಕೆ, ಬರದವರು, ಸಂಪಾದಕರು, ಅಚ್ಚಾದ ವರ್ಷ, ಅಚ್ಚಾದ ಊರು, ಪ್ರಕಾಶಕರು, ಭಾಷಾ, ಪುಟ ಎಷ್ಟು, ಯಾವ ಊರಿನ ಬಗ್ಗೆ ಅದ, ಮೂಲ ಪ್ರತಿ ಈಗ ಎಲ್ಲದ, ಹಕ್ಕು ಯಾರದು, ಇಷ್ಟು ತುಂಬಿದ್ರ ಬೇಕಾದಷ್ಟಾಯ್ತು, ಮುಂದ ಯಾವ ಸಾಫ್ಟ್‌ವೇರಿಗಿ ಹೋದ್ರೂ ಈ ಹಾಳಿಯೇ ಒಳಗ ಹೋಗ್ತದ, ಮತ್ತ ಬರಿಯೋ ಕೆಲಸ ಇರಂಗಿಲ್ಲ.

ಈಗ ಖರೇ ತ್ರಾಸು ಎಲ್ಲಿ ಶುರುವಾಗ್ತದ ಅಂದ್ರ "ಯಾವ ಊರಿನ ಬಗ್ಗೆ" ಅನ್ನೋ ಖಾನೆದಾಗ. ನಮ್ಮ ಊರಿನ ಹೆಸರೇ ತಗೋರಿ. ಒಂದು ಪುಸ್ತಕದ ಮ್ಯಾಲ ಗುಲಬರ್ಗಾ ಅದ, ಇನ್ನೊಂದರ ಮ್ಯಾಲ ಗುಲ್ಬರ್ಗ, ಮತ್ತೊಂದರಾಗ ಕಲಬುರ್ಗಿ, 2014ರ ನವೆಂಬರ್‌ನಿಂದ ಸರ್ಕಾರಿ ಹೆಸರು ಕಲಬುರಗಿ, ಬಹಮನಿ ಕಾಲದ ಇತಿಹಾಸ ಬರದವರು ಅಹಸನಾಬಾದ್ ಅಂತಾರ. ಹುಡುಕೋ ಹುಡುಗ ಕಲಬುರಗಿ ಅಂತ ಟೈಪ್ ಮಾಡ್ತಾನ, ಕಂಪ್ಯೂಟರ್ ಬಾಯಿ ಮುಚ್ಚಿಕೊಂಡು ಕಲಬುರಗಿ ಅಂತ ಇದ್ದದ್ದು ಅಷ್ಟೇ ತೋರಸ್ತದ, ಉಳಿದದ್ದೆಲ್ಲಾ ಇದ್ದೂ ಸತ್ತಂಗ. ಯಾದಗಿರಿ ಇನ್ನಾ ಮಜಾ, 2009ರ ಡಿಸೆಂಬರ್ 30ರ ತನಕ ಅದು ಗುಲ್ಬರ್ಗಾ ಜಿಲ್ಲೆದಾಗೇ ಇತ್ತು, ಸುರಪುರ ಶಹಾಪುರನೂ ಹಂಗೇ, ಅಂದಮ್ಯಾಲ 1990ರ "ಗುಲ್ಬರ್ಗಾ ಜಿಲ್ಲೆಯ ಜನಪದ" ಅನ್ನೋವಂಥಾ ಪುಸ್ತಕದಾಗ ಅರ್ಧ ಪದ ಯಾದಗಿರಿವು ಇರಬಹುದು, ಯಾದಗಿರಿ ಅಂತ ಹುಡುಕಿದವನಿಗಿ ಅವು ಯಾವತ್ತೂ ಸಿಗಂಗಿಲ್ಲ. ಹೈದರಾಬಾದ್ ಕರ್ನಾಟಕ 2019ಕ್ಕ ಕಲ್ಯಾಣ ಕರ್ನಾಟಕ ಆಯ್ತು, ಅದೂ ಇದೇ ಕತಿ.

ಇದಕ್ಕ ಲೈಬ್ರರಿಯವರ ಉಪಾಯ ಭಾಳ ಹಳೇದು. ಶೀರ್ಷಿಕೆದಾಗ ಅಚ್ಚಿನ್ಯಾಗ ಹೆಂಗದನೋ ಹಂಗೇ ಬರೀರಿ, ಒಂದು ಕಾಗುಣಿತನೂ ತಿದ್ದಬ್ಯಾಡ್ರಿ, ಅದು ದಾಖಲಿ. ಊರಿನ ಖಾನೆದಾಗ ಮಾತ್ರ ಒಂದೇ ಹೆಸರು ಗಟ್ಟಿ ಹಿಡೀರಿ, ಎಲ್ಲಾ ಕಡಿ ಕಲಬುರಗಿ ಅಂದ್ರ ಕಲಬುರಗಿ, ಉಳಿದ ಹೆಸರು ಬೇರೆ ಹಾಳಿದಾಗ ಇದರ ಮುಂದ ಬರದಿಡ್ರಿ. ಬರದವರ ಹೆಸರಿಗೂ ಹಿಂಗೇ ಮಾಡಬೇಕು, ಕಾವ್ಯನಾಮ ಒಂದು, ಮನಿ ಹೆಸರು ಒಂದು, ಇನಿಶಿಯಲ್ ಮುಂದೊಮ್ಮೆ ಹಿಂದೊಮ್ಮೆ, ಬರೇ ಪಾಟೀಲ ಅಂತ ಹುಡುಕಿದ್ರ ಅರ್ಧ ಜಿಲ್ಲಾ ಎದ್ದು ಬರ್ತದ. ನನಗ ಕೇಳಿದ್ರ ಡಿಜಿಟಲ್ ಲೈಬ್ರರಿ ಅಂದ್ರ ಮುಕ್ಕಾಲು ಪಾಲು ಇದೇ ಕೆಲಸ, ಸ್ಕ್ಯಾನರ್ ಕಾಲು ಪಾಲು. ನಮ್ಮ ದೇಶದ ಲೈಬ್ರರಿ ಶಾಸ್ತ್ರದ ಹಿರಿಯರು ಎಸ್.ಆರ್. ರಂಗನಾಥನ್ 1931ರಾಗೇ ಓದುಗರ ವ್ಯಾಳ್ಯಾ ಉಳಸ್ರಿ ಅಂತ ಒಂದು ಸೂತ್ರ ಬರದಿಟ್ಟು ಹೋಗ್ಯಾರ, ನಾವು ಗೂಗಲ್ ನೋಡ್ಕೋತದ ಬಿಡು ಅಂತ ಕುಂತೀವಿ.

ಸ್ಕ್ಯಾನಿನ ಬಗ್ಗೆ ಎರಡು ಮಾತು. ವಾಟ್ಸಾಪ್‌ನಾಗ ಫೋಟೋ ಅಂತ ಕಳಿಸಿದ್ರ ಅದು ಹಿಂಡಿ ಸಣ್ಣ ಮಾಡಿಬಿಡ್ತದ, ಡಾಕ್ಯುಮೆಂಟ್ ಅಂತ ಕಳಿಸಿದ್ರ ಇದ್ದಂಗೇ ಹೋಗ್ತದ, ಇದು ಮೊಮ್ಮಗಳಿಗಿ ಹೇಳ್ರಿ. ಅಚ್ಚಾದ ಪುಸ್ತಕಕ್ಕ 300 ಡಿಪಿಐ (ಒಂದು ಇಂಚಿನ್ಯಾಗ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಸಾಕು, ಭಜನಿ ವಹಿಗಿ 400, ಅದೂ ಕಲರ್ ಇರಲಿ, ಮಸಿ ಯಾವುದು ಕಲೆ ಯಾವುದು ಅಂತ ಕಪ್ಪು ಬಿಳುಪಿನ್ಯಾಗ ತಿಳಿಯಂಗಿಲ್ಲ. ಎಲ್ಲಾ 600 ಡಿಪಿಐಗಿ ಮಾಡ್ತೀನಿ ಅಂತ ಹುರುಪಿಗಿ ಬೀಳಬ್ಯಾಡ್ರಿ, ಒಂದು ಎ4 ಪುಟ 300 ಡಿಪಿಐ ಕಲರಿನ್ಯಾಗ ಹಿಂಡದೇ ಇಟ್ರ ಸುಮಾರು 26 ಎಂಬಿ, 200 ಪುಟದ ಪುಸ್ತಕ 5 ಜಿಬಿ ದಾಟ್ತದ, 600ಕ್ಕ ಹೋದ್ರ ಇದರ ನಾಕು ಪಟ್ಟು. ಅಪರೂಪದ್ದು ಮಾತ್ರ ಹಂಗ ಇಡ್ರಿ, ಉಳಿದದ್ದು ಹಿಂಡಿ ಸಣ್ಣ ಮಾಡಿದ ಜೆಪೆಗ್ ನಡೀತದ.

ಮತ್ತ 600 ಪುಸ್ತಕಾನೂ ಮಾಡೋ ಜರೂರತ್ತಿಲ್ಲ. ದೊಡ್ಡ ಪ್ರಕಾಶನದ ಹಳೆ ಪುಸ್ತಕ ಭಾಳಷ್ಟು ಇಂಟರ್ನೆಟ್ ಆರ್ಕೈವ್ ಅನ್ನೋ ಪುಕ್ಕಟೆ ಜಾಲತಾಣದಾಗ ಈಗಾಗ್ಲೇ ಕುಂತಾವ, ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಜ್ ತಂಡದವರು ಕನ್ನಡದ್ದು ರಾಶಿಗಟ್ಟಲೆ ಸ್ಕ್ಯಾನ್ ಮಾಡಿ ಅಲ್ಲೇ ಹಾಕ್ಯಾರ. ಮೊದಲ ಅಲ್ಲಿ ಹುಡುಕ್ರಿ, ಇಲ್ಲಂದ್ರ ಮಾಡ್ರಿ. ನಿಮ್ಮ ಸ್ಮರಣ ಸಂಚಿಕೆ, ಜಾತ್ರಿ ಕರಪತ್ರ, ಭಜನಿ ವಹಿ, ಇವು ಮತ್ತೆಲ್ಲೂ ಇರಂಗಿಲ್ಲ, ಸಮ್ಮೇಳನ ಮುಗಿದ ಮರುದಿನ ಅರ್ಧ ಪ್ರತಿ ರದ್ದಿಗಿ ಹೋಗಿರ್ತಾವ. ಅವು ಮೊದಲ.

ಸಾಫ್ಟ್‌ವೇರ್ ಕೇಳಿದ್ರಿ. ಡಿಸ್ಪೇಸ್ ಅದ, ಎಂಐಟಿ ಮತ್ತ ಎಚ್‌ಪಿ ಕೂಡಿ 2002ರಾಗ ಹೊರಗ ಬಿಟ್ಟದ್ದು, ನ್ಯೂಜಿಲೆಂಡಿನ ವೈಕಾಟೊ ಯುನಿವರ್ಸಿಟಿಯ ಗ್ರೀನ್‌ಸ್ಟೋನ್ ಅದ, ಎರಡೂ ಪುಕ್ಕಟೆ. ಆದ್ರ ಡಿಸ್ಪೇಸಿಗಿ ಸರ್ವರ್ ಬೇಕು, ಸರ್ವರಿಗಿ ನೋಡ್ಕೊಳ್ಳೋ ಮನುಷ್ಯ ಬೇಕು, ಮನುಷ್ಯಗ ಪಗಾರ ಬೇಕು. ಕಾಲೇಜಿಗಿ ಸರಿ, ಮನಿಗಿ ಬ್ಯಾಡ. ನೀವು ಎಕ್ಸೆಲ್ ತುಂಬಿ, ಫೈಲಿಗಿ "1987-ಸೇಡಂ-ಸಮ್ಮೇಳನ-ಸ್ಮರಣಸಂಚಿಕೆ" ಅನ್ನೋ ಹಂಗ ಹೆಸರಿಟ್ಟು, ಹಕ್ಕಿನ ತಕರಾರು ಇಲ್ಲದ್ದನ್ನ ಆರ್ಕೈವಿಗಿ ಏರಿಸಿಬಿಡ್ರಿ.

ಪ್ರಶ್ನೆ: ನಾವು ಡಿಟಿಪಿ ಅಂಗಡಿಯವರು. ಇಪ್ಪತ್ತು ವರ್ಷದ ಪುಸ್ತಕದ ಫೈಲು ಪೇಜ್‌ಮೇಕರ್‌ನಾಗ ಅವ, ಎಲ್ಲಾ ನುಡಿ ಫಾಂಟು. ಪಿಡಿಎಫ್ ಮಾಡಿ ಕೊಟ್ರ ಕಣ್ಣಿಗಿ ಚಂದ ಕಾಣ್ತದ ಆದ್ರ ಒಂದು ಶಬ್ದ ಹುಡುಕಿದ್ರೂ ಸಿಗಂಗಿಲ್ಲ, ಕಾಪಿ ಮಾಡಿದ್ರ ಏನೇನೋ ಬರ್ತದ. ಸ್ಕ್ಯಾನ್ ಮಾಡಿದ್ದಲ್ಲ ಇದು, ಟೈಪ್ ಮಾಡಿದ್ದೇ ಅದ. (ಹುಮನಾಬಾದ್)

ಉತ್ತರ: ನೀವು ಟೈಪ್ ಮಾಡಿದ್ದು ಕನ್ನಡ ಅನ್ಕೊಂಡೀರಿ, ಕಂಪ್ಯೂಟರ್ ಒಳಗ ಅದು ಇಂಗ್ಲಿಷ್ ಅಕ್ಷರಾನೇ. ಹಳೆ ನುಡಿ, ಹಳೆ ಬರಹದ ಫಾಂಟಿನ್ಯಾಗ ಇಂಗ್ಲಿಷ್ ಅಕ್ಷರದ ಮುಖಕ್ಕ ಕನ್ನಡದ ಮುಖವಾಡ ಹಾಕ್ಯಾರ ಅಷ್ಟೇ. "ಕನ್ನಡ" ಅಂತ ಹೊಡದು ಫಾಂಟ್ ಬದ್ಲಿ ಮಾಡಿ ನೋಡ್ರಿ, ಒಂದು ಪಿ ಕಾಣ್ತದ, ನಡುವ ಒಂದು ಪೌಂಡಿನ ಗುರುತು ಕಾಣ್ತದ, ಕೊನಿಗಿ ಒಂದು ಕ್ಯೂ, ಸುತ್ತ ತಲಿ ಮ್ಯಾಲ ಗೀರು ಇದ್ದ ಎ ಕುಂತಿರ್ತಾವ. ನ ಅಕ್ಷರದ ಮುಖವಾಡ ಹಾಕ್ಕೊಂಡದ್ದೇ ಆ ಪೌಂಡ್. ಗೂಗಲ್ ಬರೋದು ಮುಖವಾಡ ನೋಡಲಿಕ್ಕ ಅಲ್ಲ, ಒಳಗಿಂದು ನೋಡಲಿಕ್ಕ.

ಯುನಿಕೋಡ್ ಅಂದ್ರ ಎಲ್ಲಾ ಭಾಷಾದ ಅಕ್ಷರಕ್ಕ ಒಂದೊಂದು ನಂಬರ್ ಕೊಟ್ಟ ಪದ್ಧತಿ, ಅದರಾಗ ಮಾತ್ರ ಕನ್ನಡಕ್ಕ ತನ್ನದೇ ಜಾಗಾ ಅದ, ಕ ಅಂದ್ರ ಯಾವ ಫಾಂಟಿನ್ಯಾಗೂ ಕ. ಹಂಗಾಗಿ ನಿಮ್ಮ ಮೂಲ ಫೈಲ್ ಪೇಜ್‌ಮೇಕರ್‌ದ್ದು ಯಾವ ಕಾರಣಕ್ಕೂ ಅಳಿಸಬ್ಯಾಡ್ರಿ, ಅದರಾಗಿನ ಪಠ್ಯ ಹೊರಗ ತಗದು ಕನ್ವರ್ಟರಿಗಿ ಹಾಕ್ರಿ, ನುಡಿಯಿಂದ ಯುನಿಕೋಡಿಗಿ ಮಾಡೋವು ಪುಕ್ಕಟೆ ಸಿಗ್ತಾವ. ನೂರಕ್ಕ ನೂರು ಬರಂಗಿಲ್ಲ, ಒತ್ತಕ್ಷರ ಮತ್ತ ಅರ್ಕಾವೊತ್ತಿನ ಹತ್ರ ಎಡವ್ತದ, ಒಂದ್ಸಲ ಕರಡು ನೋಡ್ಲೇಬೇಕು. ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಾಗಿನ ಅಕ್ಷರ ಕಂಪ್ಯೂಟರ್ ಓದಿ ಪಠ್ಯ ಮಾಡೋದು) ಮಾಡೋದಕ್ಕಿಂತ ಇದು ಹತ್ತು ಪಾಲು ಹಗುರ, ನಿಮ್ಮ ಹತ್ರ ಇರೋದು ಬಂಗಾರ, ಅದನ್ನ ಪ್ರಿಂಟ್ ತಗದು ಮತ್ತ ಸ್ಕ್ಯಾನ್ ಮಾಡ್ತೀನಿ ಅನ್ನೋ ಶಾಣ್ಯಾರೂ ಅದಾರ, ನಾನೇ ಕಂಡೀನಿ.

ಅರ್ಕಾವೊತ್ತಿನ ಮಾತು ಬಂತಲ್ಲ, ಯುನಿಕೋಡ್ ಆದ್ಮ್ಯಾಲೂ ಒಂದು ಕಾಟ ಉಳೀತದ. ಸೂರ್ಯ ಅಂತ ಅರ್ಕಾವೊತ್ತು ಹಾಕಿ ಬರೀಬಹುದು, ಸೂರ‍್ಯ ಅಂತ ರ ಕ್ಕ ಯ ಒತ್ತು ಕೊಟ್ಟೂ ಬರೀಬಹುದು. ಎರಡನೇದರಾಗ ಕಣ್ಣಿಗಿ ಕಾಣದ ಒಂದು ಜೋಡಿಸೋ ಗುರುತು ಒಳಗ ಕುಂತಿರ್ತದ, ಹುಡುಕೋ ಯಂತ್ರಕ್ಕ ಇವೆರಡು ಬೇರೆ ಬೇರೆ ಶಬ್ದ. ಲೈಬ್ರರಿ ಸಾಫ್ಟ್‌ವೇರ್ ಕೂಡಸೋವ್ರಿಗಿ ನಾನು ಹೇಳೋದು, ಹುಡುಕೋ ವ್ಯಾಳ್ಯಾಕ್ಕ ಆ ಕಾಣದ ಗುರುತು ಕಿತ್ತು ಒಗದು ಹೋಲಿಸ್ರಿ ಅಂತ, ಹತ್ತು ನಿಮಿಷದ ಕೆಲಸ, ಹತ್ತು ವರ್ಷದಿಂದ ಹೇಳ್ಲಿಕತ್ತೀನಿ.

ಪ್ರಶ್ನೆ: ಹಳೆ ಪುಸ್ತಕದ ಫೋಟೋದಿಂದ ಕನ್ನಡ ಪಠ್ಯ ತಗಿಯೋ ಓಸಿಆರ್ ಎಷ್ಟು ನಂಬಬಹುದು? ನಮ್ಮ ಮುತ್ತ್ಯಾನ ಉರ್ದು ಕಾಗದಪತ್ರಕ್ಕೂ ಆಗ್ತದೇನು? (ಎರಡು ಪತ್ರ, ಕಲಬುರಗಿ ಮತ್ತ ಬೀದರ್)

ಉತ್ತರ: ಕನ್ನಡಕ್ಕ ಈಗ ಚಲೋ ಆಗ್ಯದ. ಟೆಸರಾಕ್ಟ್ ಅಂತ ಒಂದು ಅದ, ಎಚ್‌ಪಿ ಕಂಪನಿ 1985ರಿಂದ ಕಟ್ಟಿದ್ದು, 2005ರಾಗ ಎಲ್ಲಾರಿಗೂ ತೆರದು ಕೊಟ್ರು, 2018ರ 4ನೇ ಆವೃತ್ತಿದಾಗ ನ್ಯೂರಲ್ ನೆಟ್‌ವರ್ಕ್ ಬಂದ ಮ್ಯಾಲ ಕನ್ನಡದ್ದು ಹುರುಪಾಯ್ತು. ಗೂಗಲ್ ಡ್ರೈವ್‌ಗಿ ಹಾಕಿ ಡಾಕ್ಸ್‌ನಾಗ ತೆರದ್ರೂ ಪಠ್ಯ ಬರ್ತದ. ಸ್ವಚ್ಛ ಅಚ್ಚು ಇದ್ರ ಬರೋದು ನೋಡಿ ಖುಷಿ ಆಗ್ತದ, ಆದ್ರ ಮೊಳೆ ಜೋಡಿಸಿ ಅಚ್ಚು ಹೊಡದ ಹಳೆ ಪುಸ್ತಕ, ಮಸಿ ಹರಡಿದ ಕಾಗದ, ಇವು ಬಂದ್ರ ವು ಇದ್ದಲ್ಲಿ ಮ ಮಾಡ್ತದ, ಅನುಸ್ವಾರದ ಸೊನ್ನಿ ಅಂಕಿ ಸೊನ್ನಿ ಆಗ್ತದ, ಪ ಫ ಅದಲು ಬದಲು, ಹಳಗನ್ನಡದ ಱ ೞ ಕಂಡ್ರಂತೂ ಬೆದರಿ ಏನರೆ ಒಂದು ಒಗದುಬಿಡ್ತದ. "ನಾವು" ಹೋಗಿ "ನಾಮ" ಆದ್ರ ಅರ್ಥನೂ ಇರ್ತದ, ಕಂಪ್ಯೂಟರಿಗಿ ಅನುಮಾನನೂ ಬರಂಗಿಲ್ಲ, ಅದೇ ಅಪಾಯ.

ನನ್ನ ರೀತಿ ಹಿಂಗ: ಚಿತ್ರ ಮ್ಯಾಲ, ಪಠ್ಯ ಅದರ ಹಿಂದ ಅಡಗಿ ಇರೋ ಪಿಡಿಎಫ್ ಮಾಡ್ರಿ. ಹುಡುಕಲಿಕ್ಕ ತಪ್ಪು ಇರೋ ಪಠ್ಯನೂ ನಡೀತದ, ಒಂದು ಶಬ್ದ ಇಪ್ಪತ್ತು ಸಲ ಬಂದ್ರ ಹದಿನೈದು ಸಲನಾದ್ರೂ ಸರಿ ಓದಿರ್ತದ. ಓದೋದು, ಉದ್ಧರಿಸೋದು ಮಾತ್ರ ಚಿತ್ರ ನೋಡಿ. ಪೂರಾ ಸ್ವಚ್ಛ ಪಠ್ಯ ಬೇಕಂದ್ರ ಮನುಷ್ಯರೇ ಕರಡು ತಿದ್ದಬೇಕು, ಕನ್ನಡ ವಿಕಿಸೋರ್ಸಿನ್ಯಾಗ ಒಂದು ಕಡಿ ಪುಟದ ಚಿತ್ರ ಒಂದು ಕಡಿ ಪಠ್ಯ ಇಟ್ಟು ಒಬ್ಬರು ತಿದ್ದಿದ್ದನ್ನ ಇನ್ನೊಬ್ಬರು ನೋಡ್ತಾರ, ಬಿಡುವಿದ್ದವರು ದಿನಕ್ಕ ಎರಡು ಪುಟ ಮಾಡಬಹುದು.

ಉರ್ದು ಬ್ಯಾರೇ ಲೆಕ್ಕ. 1948ರ ಸೆಪ್ಟೆಂಬರ್ ತನಕ ನಮ್ಮದು ನಿಜಾಮರ ರಾಜ್ಯ, ಹೊಲದ ಕಾಗದ ಕೋರ್ಟು ಕಚೇರಿ ಎಲ್ಲಾ ಉರ್ದು, ಹಂಗಾಗಿ ಬೀದರ್ ಕಲಬುರಗಿದಾಗ ಮನಿ ಮನಿ ಅಟ್ಟದ ಮ್ಯಾಲ ಇಂಥ ಕಾಗದ ಅವ, ಮಕ್ಕಳಿಗಿ ಓದಲಿಕ್ಕ ಬರಂಗಿಲ್ಲ. ಉರ್ದುವಿನ ನಸ್ತಾಲೀಖ್ ಬರವಣಿಗಿದಾಗ ಅಕ್ಷರ ಗೆರಿ ಮ್ಯಾಲ ಸಾಲಾಗಿ ನಿಲ್ಲಂಗಿಲ್ಲ, ಒಂದರ ಮ್ಯಾಲೊಂದು ಇಳಿಜಾರು ಇಳೀತಾವ, ಅಚ್ಚಿನದ್ದೇ ಕಷ್ಟ, ಶಿಕಸ್ತಾ ಅನ್ನೋ ಗೀಚಿ ಓಡಿಸಿದ ಕೈಬರಹ ಇದ್ರ ಯಂತ್ರ ಕೈ ಮುಗೀತದ. ಅದಕ್ಕ ಓಸಿಆರ್ ಆಸೆ ಬಿಟ್ಟು, ಓದಬಲ್ಲ ಹಿರಿಯರು ಇರೋತನಕ ಅವರ ಮುಂದ ಕುಂತು ಪ್ರತಿ ಕಾಗದಕ್ಕ ನಾಕು ಸಾಲು ಸಾರಾಂಶ ಕನ್ನಡದಾಗ ಬರಿಸ್ಕೋರಿ, ಯಾರು, ಯಾವ ಊರು, ಯಾವ ಸರ್ವೆ ನಂಬರ್, ಯಾವ ತಾರೀಖು. ಸ್ಕ್ಯಾನ್ ಮುಂದಿನ ವರ್ಷನೂ ಮಾಡಬಹುದು, ಓದೋವ್ರು ಮುಂದಿನ ವರ್ಷ ಇರ್ತಾರಂತ ಹೇಳಲಿಕ್ಕಾಗಂಗಿಲ್ಲ. ಅಚ್ಚಾದ ಉರ್ದು ಪುಸ್ತಕ ಬೇಕಂದ್ರ ರೇಖ್ತಾ ಜಾಲತಾಣದವರ ಇ-ಪುಸ್ತಕ ನೋಡ್ರಿ, ಭಾಳ ಅವ.

ಪ್ರಶ್ನೆ: ನಮ್ಮೂರ ಕವಿಯೊಬ್ಬರ ಪುಸ್ತಕ ಈಗ ಎಲ್ಲೂ ಸಿಗಂಗಿಲ್ಲ. ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗಿ ಹಾಕಿದ್ರ ಕೇಸ್ ಆಗ್ತದೇನು? ವಚನದ ಪುಸ್ತಕ ಹಾಕಬಹುದೇನು? ವಚನ ಎಲ್ಲಾರವೇ ಅಲ್ಲೇನು? (ಬಸವಕಲ್ಯಾಣ)

ಉತ್ತರ: ವಚನ ಎಲ್ಲಾರವೇ, ವಚನದ ಪುಸ್ತಕ ಎಲ್ಲಾರದ್ದಲ್ಲ. ಬಸವಕಲ್ಯಾಣದವರಿಗಿ ಇದು ನಾನು ಹೇಳಬೇಕಾ? 12ನೇ ಶತಮಾನದ ಮಾತಿಗಿ ಕಾಪಿರೈಟ್ ಇಲ್ಲ, ಆದ್ರ ಅದನ್ನ ಸಂಪಾದಿಸಿದವರು ಬರದ ಮುನ್ನುಡಿ, ಟಿಪ್ಪಣಿ, ಅರ್ಥಕೋಶ ಅವರದು. ಮೂಲ ವಚನ ಬೇಕಂದ್ರ ವಚನ ಸಂಚಯ ಅಂತ ಜಾಲತಾಣ ಅದ, ಅದರಾಗ ಶಬ್ದ ಹಾಕಿ ವಚನ ಹುಡುಕಬಹುದು, ಒಂದು ಶಬ್ದ ಯಾರ್ ಯಾರು ಬಳಸ್ಯಾರ ಅಂತನೂ ತೋರಸ್ತದ, ಪಿಡಿಎಫ್ ನೂರು ಇದ್ರೂ ಇದು ಕೊಡಂಗಿಲ್ಲ.

ಇನ್ನ ಕವಿಯವರ ಬಗ್ಗೆ. ನಮ್ಮ ದೇಶದ 1957ರ ಕಾಯಿದೆ ಪ್ರಕಾರ ಬರದವರು ತೀರಿಕೊಂಡ ಮ್ಯಾಲ 60 ವರ್ಷ ಹಕ್ಕು ಇರ್ತದ, ಮುಂಚೆ 50 ಇತ್ತು, ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು ಮುಗಿಯೋ ಹೊತ್ತಿಗಿ 1992ರಾಗ 60 ಮಾಡಿದ್ರು. ಎಣಿಸೋದು ತೀರಿಕೊಂಡ ಮುಂದಿನ ಜನವರಿ 1ರಿಂದ, ಅಂದ್ರ 1965ರಾಗ ಯಾವ ತಿಂಗಳು ತೀರಿಕೊಂಡ್ರೂ 2026ರ ಜನವರಿ 1ಕ್ಕ ಹಕ್ಕು ಮುಗೀತದ. ನಿಮ್ಮ ಕವಿ 1989ಕ್ಕ ತೀರಿಕೊಂಡಾರ ಅಂತ ಬರದೀರಿ, ಅಂದಮ್ಯಾಲ ಇನ್ನಾ ಮನಿಯವರದೇ. ಅವರ ಮನಿ ನಿಮ್ಮ ಓಣಿದಾಗೇ ಅದ ಅಲ್ರಿ, ಒಂದು ಕಪ್ ಚಹಾ ಕುಡಿದು ಒಂದು ಹಾಳಿ ಮ್ಯಾಲ ಸಹಿ ತಗೋರಿ, "ಇಂಥ ಪುಸ್ತಕ ಯಾರು ಬೇಕಾದ್ರೂ ಓದಲಿಕ್ಕ, ಹಂಚಲಿಕ್ಕ ಒಪ್ಪಿಗಿ ಅದ" ಅಂತ, ವಾರಸುದಾರರು ಎಲ್ಲಾರೂ ಸಹಿ ಮಾಡ್ಲಿ, ಇಲ್ಲಂದ್ರ ಬೆಂಗಳೂರಾಗಿರೋ ಮಗ ನಾಳೆ ಫೋನ್ ಮಾಡ್ತಾನ. ಆ ಹಾಳಿಯನ್ನೂ ಸ್ಕ್ಯಾನ್ ಮಾಡಿ ಪುಸ್ತಕದ ಜೊತಿ ಇಡ್ರಿ.

ಲೈಬ್ರರಿಗಿ ಸ್ವಲ್ಪ ಸಡಿಲು ಅದ. 52ನೇ ಸೆಕ್ಷನ್ ಪ್ರಕಾರ, ಲಾಭಕ್ಕ ನಡಸದೇ ಇರೋ ಸಾರ್ವಜನಿಕ ಗ್ರಂಥಾಲಯ ಮಾರಾಟಕ್ಕ ಸಿಗದ ಪುಸ್ತಕದ ಮೂರು ಪ್ರತಿ ತನಕ ಮಾಡಬಹುದು, 2012ರ ತಿದ್ದುಪಡಿ ಆದ್ಮ್ಯಾಲ ತನ್ನ ಹತ್ರ ಇರೋ ಪುಸ್ತಕಾನ ಕಾಪಾಡಲಿಕ್ಕ ಡಿಜಿಟಲ್ ಮಾಡಿ ಇಟ್ಕೋಬಹುದು. ಇಟ್ಕೋಬಹುದು ಅಂದದ, ಊರಿಗೆಲ್ಲಾ ಹಂಚು ಅಂದಿಲ್ಲ.

ಇದು ಸಣ್ಣ ಮಾತಲ್ಲ ಅಂತ ತಿಳಿಲಿಕ್ಕ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕತಿ ನೋಡ್ರಿ. ಅಮೆರಿಕದ ಕಾರ್ನೆಗಿ ಮೆಲನ್ ಯುನಿವರ್ಸಿಟಿಯ ರಾಜ್ ರೆಡ್ಡಿಯವರ ಹತ್ತು ಲಕ್ಷ ಪುಸ್ತಕದ ಕನಸು, ಬೆಂಗಳೂರಿನ ಐಐಎಸ್ಸಿಯ ಪ್ರೊ. ಬಾಲಕೃಷ್ಣನ್ ಇಲ್ಲಿ ನಡಸಿದ್ರು, ಕನ್ನಡದ್ದೂ ಭಾಳ ಪುಸ್ತಕ ಸ್ಕ್ಯಾನ್ ಆದವು. ಆಮ್ಯಾಲ ಕಾಪಿರೈಟಿನ ತಕರಾರಿಗಿ ಆ ಜಾಲತಾಣ ಬಂದಾಯ್ತು, ಈಗ ಓದಬೇಕಂದ್ರ ಇಂಟರ್ನೆಟ್ ಆರ್ಕೈವ್‌ನಾಗಿನ ಪ್ರತಿಗೇ ಹೋಗಬೇಕು. ಅಲ್ಲೂ ಹೋಗಿ ನೋಡ್ರಿ, ಕನ್ನಡ ಪುಸ್ತಕದ ಹೆಸರು ಇಂಗ್ಲಿಷ್ ಲಿಪಿದಾಗ ಒಬ್ಬೊಬ್ಬರು ಒಂದೊಂದು ನಮೂನಿ ಹೊಡದಾರ, ಎಷ್ಟೋ ಕಡಿ ಶೀರ್ಷಿಕೆ ಇದ್ದಲ್ಲಿ ಬರದವರ ಹೆಸರು. ಪುಸ್ತಕ ಅದ, ಚೀಟಿ ತಪ್ಪ್ಯದ, ಸಿಗಂಗಿಲ್ಲ. ಸೇಡಂ ಮಾಸ್ತರಿಗಿ ಅಷ್ಟುದ್ದ ಹೇಳಿದ್ದು ಇದಕ್ಕೇ.

ಪ್ರಶ್ನೆ: ನಮ್ಮ ಪಂಚಾಯತಿ ಲೈಬ್ರರಿಗಿ ಕಂಪ್ಯೂಟರ್ ಬಂದದ, ನೆಟ್ ಬರೋದು ಹೋಗೋದು. ನೆಟ್ ಇಲ್ಲದ ಡಿಜಿಟಲ್ ಲೈಬ್ರರಿ ಆಗ್ತದೇನು? (ಸುರಪುರ ತಾಲೂಕು)

ಉತ್ತರ: ಯಾಕಾಗಂಗಿಲ್ಲ. ಗ್ರಾಮ ಪಂಚಾಯತಿ ಲೈಬ್ರರಿ 2019ರಾಗ ಗ್ರಾಮೀಣಾಭಿವೃದ್ಧಿ ಇಲಾಖೆಗಿ ಹೋದ ಮ್ಯಾಲ, ಅರಿವು ಕೇಂದ್ರ ಅಂತ ಹೆಸರಾದ ಮ್ಯಾಲ, ಎಷ್ಟೋ ಕಡಿ ಹುಡುಗ್ರು ತುಂಬಲಿಕತ್ತಾರ, ಅವರನ್ನ ನೆಟ್ ಬಂದ ಮ್ಯಾಲ ಬಾ ಅಂತ ಕಳಿಸಿದ್ರ ಮತ್ತ ಬರಂಗಿಲ್ಲ. ಕಿವಿಕ್ಸ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಅದ, ಕನ್ನಡ ವಿಕಿಪೀಡಿಯ ಪೂರಾ ಒಂದೇ ಫೈಲಾಗಿ ಸಿಗ್ತದ, ತಾಲೂಕಿಗಿ ಹೋದಾಗ ಪೆನ್‌ಡ್ರೈವಿನ್ಯಾಗ ಇಳಿಸ್ಕೊಂಡು ಬಂದ್ರ ನೆಟ್ ಇಲ್ಲದೇ ಓದಬಹುದು. ಅಂಗೈ ಅಗಲದ ರಾಸ್ಪ್‌ಬೆರಿ ಪೈ ಅಂತ ಕಂಪ್ಯೂಟರ್ ಬರ್ತದ, ಅದರಾಗ ಹಾಕಿಟ್ರ ಸುತ್ತ ಇದ್ದ ಮೊಬೈಲಿಗೆಲ್ಲಾ ವೈಫೈದಾಗ ಪುಸ್ತಕ ಕೊಡ್ತದ, ಸಣ್ಣ ಬ್ಯಾಟ್ರಿ ಮ್ಯಾಲೂ ನಡೀತದ, ಕರೆಂಟ್ ಹೋದ್ರೂ ಚಿಂತಿಲ್ಲ. ಅದರಾಗ ನಿಮ್ಮೂರಿಂದು ಮೊದಲ ಹಾಕ್ರಿ. ಸುರಪುರದಾಗ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬನ ಆತ್ಮಕತಿ 1877ರಾಗ ಅಚ್ಚಾದದ್ದು, ಹಕ್ಕು ಯಾವಾಗೋ ಮುಗಿದದ, ಆರ್ಕೈವ್‌ನಾಗ ಪುಕ್ಕಟೆ ಅದ, ಇಂಗ್ಲಿಷ್ ಓದೋ ಹುಡುಗ್ರಿಗಿ ತಮ್ಮೂರು ಅದರಾಗ ಕಂಡ್ರ ಕಣ್ಣು ಅರಳ್ತಾವ.

ಪ್ರಶ್ನೆ: ಸ್ಕ್ಯಾನ್ ಮಾಡಿದ್ದೆಲ್ಲಾ ಒಂದು ಹಾರ್ಡ್ ಡಿಸ್ಕ್‌ನಾಗ ಇಟ್ಟೀವಿ, ಸಾಕಲ್ಲಾ? (ಬೀದರ್)

ಉತ್ತರ: ಸಾಕಾಗಂಗಿಲ್ರಿ. ನಾನು ಮೊದಲ ಕೆಲಸ ಮಾಡಿದ ಒಂದು ಕಡಿ ಎರಡು ವರ್ಷ ಕುಂತು ಸ್ಕ್ಯಾನ್ ಮಾಡಿದ್ವಿ, ಒಂದೇ ಡಿಸ್ಕು, ಸಾಹೇಬರ ಟೇಬಲ್ ಡ್ರಾದಾಗ ಕೀಲಿ ಹಾಕಿ ಭದ್ರ. ಒಂದು ಬ್ಯಾಸಿಗಿ ದಿನ ತಗದು ಹಚ್ಚಿದ್ರ ಟಕ್ ಟಕ್ ಅಂತು, ಮುಗೀತು. ರಿಕವರಿಗಿ ಹೇಳಿದ ರೊಕ್ಕ ಕೇಳಿ ಎಲ್ಲಾರೂ ಮಾರಿ ಮಾರಿ ನೋಡಿದ್ವಿ. ಅವತ್ತಿಂದ ನನ್ನ ಲೆಕ್ಕ ಮೂರು ಪ್ರತಿ, ಎರಡು ಥರದ ಸಾಧನ, ಒಂದು ಪ್ರತಿ ಬ್ಯಾರೆ ಊರಾಗ. ಸ್ಟ್ಯಾನ್‌ಫರ್ಡ್‌ನವರು ಇದಕ್ಕ ಒಂದು ದೊಡ್ಡ ವ್ಯವಸ್ಥಾನೇ ಮಾಡ್ಯಾರ ಲಾಕ್ಸ್ ಅಂತ, ಹೆಸರಿನ ಅರ್ಥನೇ ಪ್ರತಿ ಭಾಳ ಇದ್ರ ವಸ್ತು ಉಳೀತದ ಅಂತ. ದೊಡ್ಡವರಿಗೂ ತಪ್ಪಿಲ್ಲ, 2023ರ ಅಕ್ಟೋಬರ್‌ನಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿ ಮ್ಯಾಲ ರ‍್ಯಾನ್ಸಮ್‌ವೇರ್ (ಫೈಲಿಗಿ ಕೀಲಿ ಜಡದು ರೊಕ್ಕ ಕೇಳೋ) ದಾಳಿ ಆಗಿ ಕ್ಯಾಟಲಾಗ್ ತಿಂಗಳುಗಟ್ಟಲೆ ಬಂದ್ ಇತ್ತು, 2024ರ ಅಕ್ಟೋಬರ್‌ನಾಗ ಇಂಟರ್ನೆಟ್ ಆರ್ಕೈವಿಗೂ ಹೊಡ್ತ ಬಿತ್ತು. ಹಂಗಾಗಿ ಆರ್ಕೈವಿಗಿ ಹಾಕೀನಿ ಅಂತ ಮನಿ ಪ್ರತಿ ಅಳಿಸಬ್ಯಾಡ್ರಿ.

ಪ್ರತಿ ಫೈಲಿಗೂ ಚೆಕ್‌ಸಮ್ ಅನ್ನೋ ಒಂದು ಬೆರಳಚ್ಚು ತಗದಿಡಬಹುದು, ವರ್ಷಕ್ಕೊಮ್ಮೆ ಮತ್ತ ತಗದು ಹೋಲಿಸಿದ್ರ ಒಂದು ಬಿಟ್ ಕೆಟ್ಟಿದ್ರೂ ತಿಳೀತದ. ನೀವು ಬೀದರ್‌ನವರು, ಮಹಮೂದ್ ಗವಾನ್ 1472ರಾಗ ಕಟ್ಟಿಸಿದ ಮದರಸಾ ದಿನಾ ನೋಡ್ತೀರಿ, ಅದರಾಗ 3,000 ಗ್ರಂಥ ಇದ್ದವಂತ ಹೇಳ್ತಾರ. ಔರಂಗಜೇಬನ ಕಾಲಕ್ಕ ಒಳಗ ಸ್ಫೋಟ ಆಗಿ ಕಟ್ಟಡದ ಒಂದು ಕಡಿ ಹಾರಿ ಹೋಯ್ತು. ಗೋಡಿ ಮ್ಯಾಲಿನ ನೀಲಿ ಹಂಚು ಇನ್ನಾ ಒಂದಿಷ್ಟು ಉಳದಾವ, ಗ್ರಂಥ ಅಲ್ಲಿ ಒಂದೂ ಇಲ್ಲ.

ಪ್ರಶ್ನೆ: ನನ್ನ ಪಿಎಚ್‌ಡಿ ಪ್ರಬಂಧ ಶೋಧಗಂಗಾಕ್ಕ ಹಾಕಿದ್ರ ಯಾರರೆ ಕದಿಯಂಗಿಲ್ಲೇನು? (ಆಳಂದ)

ಉತ್ತರ: ಕಪಾಟಿನ್ಯಾಗ ಇದ್ದದ್ದು ಕದ್ರ ಯಾರಿಗೂ ತಿಳಿಯಂಗಿಲ್ಲ, ಶೋಧಗಂಗಾ ಅನ್ನೋ ಪಿಎಚ್‌ಡಿ ಪ್ರಬಂಧಗಳ ಜಾಲತಾಣದಾಗ ಇದ್ದದ್ದು ಕದ್ರ ಹೋಲಿಕೆ ನೋಡೋ ಸಾಫ್ಟ್‌ವೇರ್ ಹಿಡೀತದ, ಯುಜಿಸಿ 2018ರ ನಿಯಮದಾಗ 10% ಮ್ಯಾಲ ಹೋದ್ರ ತ್ರಾಸು. ಮತ್ತ ಅಲ್ಲಿ ನಿಮ್ಮ ಪ್ರಬಂಧಕ್ಕ ಒಂದು ಕಾಯಂ ಹ್ಯಾಂಡಲ್ ನಂಬರ್ ಸಿಗ್ತದ, 10603 ಅಂತ ಶುರುವಾಗ್ತದ, ಜಾಲತಾಣದ ವಿಳಾಸ ಬದ್ಲಾದ್ರೂ ಅದು ಬದ್ಲಾಗಂಗಿಲ್ಲ, ಉಲ್ಲೇಖಕ್ಕ ಅದನ್ನೇ ಕೊಡ್ರಿ. ಕನ್ನಡದಾಗ ಬರದೀರಿ ಅಂದ್ರ ಶೀರ್ಷಿಕೆ ಯುನಿಕೋಡ್ ಕನ್ನಡದಾಗೂ ಇರಲಿ ಅಂತ ಲೈಬ್ರರಿಯವರಿಗಿ ಕುಂತು ಹೇಳ್ರಿ, ನುಡಿ ಪಿಡಿಎಫ್ ಮಾತ್ರ ಕೊಡಬ್ಯಾಡ್ರಿ, ಕಾರಣ ಮ್ಯಾಲ ಹುಮನಾಬಾದಿನವರಿಗಿ ಹೇಳೀನಿ.

ಪ್ರಶ್ನೆ: ಎಐ ಬಂದ ಮ್ಯಾಲ ಈ ಚೀಟಿ ಗೀಟಿ ಯಾಕ್ರಿ ಬೇಕು? ಕೇಳಿದ್ರ ಅದೇ ಹೇಳ್ತದ. (ಕಲಬುರಗಿ)

ಉತ್ತರ: ಹೇಳ್ತದ, ಭಾಳ ಜೋರಾಗೇ ಹೇಳ್ತದ. ಮುಖಪುಟ ಹರಿದ ಒಂದು ಸಂಚಿಕೆಯ ಫೋಟೋ ಹಾಕಿ ವರ್ಷ ಯಾವುದು ಅಂತ ಕೇಳ್ದೆ, ಒಂದು ವರ್ಷ ಹೇಳ್ತು, ಮತ್ತ ಕೇಳ್ದೆ ಇನ್ನೊಂದು ಹೇಳ್ತು. ಖರೇ ವರ್ಷ ಹಿಂದಿನ ರಟ್ಟಿನ ಒಳಗ ಪ್ರೆಸ್ಸಿನವರ ಸಣ್ಣ ಸಾಲಿನ್ಯಾಗ ಇತ್ತು. ಕರಡು ಚೀಟಿ ಬರಿಲಿಕ್ಕ ಹಚ್ಚಿಕೋರಿ, ಟೈಮ್ ಉಳೀತದ, ನಾನೂ ಹಚ್ಚಿಕೋತೀನಿ, ಆದ್ರ ಪುಸ್ತಕ ಕೈಯಾಗ ಹಿಡಿದವರು ಒಬ್ಬರು ನೋಡಿ ಸೈ ಅನ್ನಬೇಕು.

ಪ್ರಶ್ನೆ: ಈ ಪತ್ರ ಮಗಳ ಕೈಲಿ ಬರೆಸೀನಿ, ನನಗ ಕಣ್ಣು ಕಾಣಂಗಿಲ್ಲ. ಹುಡುಗ್ರು ಹಳೆ ಕಾದಂಬರಿ ಪಿಡಿಎಫ್ ಕಳಿಸ್ತಾರ, ನನ್ನ ಫೋನ್ ವಾಟ್ಸಾಪ್ ಮೆಸೇಜ್ ಓದಿ ಹೇಳ್ತದ, ಪಿಡಿಎಫ್ ಬಂದ್ರ ಸುಮ್ನ ಕುಂಡ್ರತದ. (ಚಿತ್ತಾಪುರ)

ಉತ್ತರ: ಫೋನಿನ ತಪ್ಪಲ್ರಿ. ಅವರು ಕಳಿಸಿದ್ದು ಪುಟದ ಫೋಟೋ, ಅದರಾಗ ಅಕ್ಷರ ಇಲ್ಲ, ಮುಖವಾಡದ ನುಡಿ ಪಿಡಿಎಫ್ ಆದ್ರೂ ಅದೇ ಗತಿ, ಪೌಂಡ್ ಡಾಲರ್ ಅಂತ ಓದ್ತದ. ಯುನಿಕೋಡ್ ಪಠ್ಯ ಇದ್ರ ಮಾತ್ರ ಅದಕ್ಕ ಓದಲಿಕ್ಕ ಬರ್ತದ, ಅದೂ ಇ-ಪಬ್ ಅನ್ನೋ ಇ-ಪುಸ್ತಕದ ರೂಪದಾಗ ಇದ್ರ ಅಧ್ಯಾಯದಿಂದ ಅಧ್ಯಾಯಕ್ಕ ಜಿಗಿಬಹುದು. ಕಂಪ್ಯೂಟರ್ ಇದ್ರ ಎನ್‌ವಿಡಿಎ ಅಂತ ಪರದಿ ಮ್ಯಾಲಿಂದು ಓದಿ ಹೇಳೋ ಪುಕ್ಕಟೆ ಸ್ಕ್ರೀನ್ ರೀಡರ್ ಅದ, ಕನ್ನಡ ದನಿನೂ ಅದ, ದನಿ ಸ್ವಲ್ಪ ಡಬ್ಬಾ ಬಡದಂಗ, ನಾಕು ದಿನಕ್ಕ ರೂಢಿ ಆಗ್ತದ. 2016ರಾಗ ಶುರುವಾದ ಸುಗಮ್ಯ ಪುಸ್ತಕಾಲಯದಾಗ ಸದಸ್ಯರಾಗ್ರಿ, ಕಣ್ಣು ಕಾಣದವರಿಗಂತೇ ಇರೋ ಆನ್‌ಲೈನ್ ಲೈಬ್ರರಿ ಅದು.

ಪಿಡಿಎಫ್ ಕಳಿಸೋ ಹುಡುಗ್ರಿಗಿ ಈ ಅಂಕಣದ ಕಡೆಯಿಂದ ಒಂದು ಮಾತು. ಓದಲಿಕ್ಕಾಗದ ಅಂಗವಿಕಲರಿಗಂತ ಅವರು ಓದೋ ರೂಪಕ್ಕ ಪುಸ್ತಕ ಬದಲಿಸಿ ಕೊಡಲಿಕ್ಕ 2012ರ ತಿದ್ದುಪಡಿದಾಗೇ ಕಾಯಿದೆ ಒಪ್ಪ್ಯದ, ಕಾಪಿರೈಟ್ ಇದ್ರೂ ಸೈತ, ಇದೇ ವಿಷಯದ ಮರಾಕೇಶ್ ಒಪ್ಪಂದಕ್ಕ 2014ರಾಗ ಜಗತ್ತಿನ್ಯಾಗೇ ಮೊದಲ ಒಪ್ಪಿದ್ದು ನಮ್ಮ ದೇಶ. ಆ ಕಾದಂಬರಿ ಓಸಿಆರ್ ಮಾಡಿ, ತಿದ್ದಿ, ಈ ಹಿರಿಯರಿಗಿ ಕಳಿಸ್ರಿ. ವಿಳಾಸ ಪತ್ರಿಕೆ ಆಫೀಸಿನ್ಯಾಗ ಅದ.

ತಿದ್ದುಪಡಿ: ಕೊಹಾ ಲೈಬ್ರರಿ ಸಾಫ್ಟ್‌ವೇರ್ ಆಸ್ಟ್ರೇಲಿಯಾದ್ದು ಅಂತ ಹೋದ ಸಲ ಬರದಿದ್ದೆ, ಶಹಾಪುರದ ಓದುಗರೊಬ್ಬರು ಹಿಡದಾರ. ಅದು ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿಯವರು ಮಾಡಿಸಿದ್ದು, 2000ದ ಜನವರಿಯಿಂದ ಚಾಲೂ ಆದದ್ದು, ಮಾವೊರಿ ಭಾಷಾದಾಗ ಕೊಹಾ ಅಂದ್ರ ಕಾಣಿಕೆ. ಹಿಡಿದವರಿಗಿ ಶರಣು.